ಶೇಕಡಾ 2.6 ಫ್ರೆಂಚ್, ಉಳಿದದ್ದು ಎಂಜಲು

ಕೆನಡಾದ ಸ್ನೂಪಿ ಚಿವಾವಾ ತಳಿಯ ನಾಯಿ. ತರಕಾರಿ ಚೀಲದಲ್ಲಿ ಕೂರಿಸಿಕೊಂಡು ಹೋಗಬಹುದಾದಷ್ಟು ಗಾತ್ರ. 2018ರಲ್ಲಿ ಆ ದೇಶದ ಸಾರ್ವಜನಿಕ ಸುದ್ದಿವಾಹಿನಿ ಸಿಬಿಸಿ ಈ ನಾಯಿಯ ವಂಶವೃತ್ತಾಂತವನ್ನು ಲೋಕಕ್ಕೆ ತಿಳಿಸಿತು. ಡಿಎನ್‌ಎ ವಂಶಪರೀಕ್ಷೆಯ ಮೇಲೆ ಗುಮಾನಿ ಬಂದಿದ್ದ ಕ್ವಿಬೆಕ್‌ನ ಒಬ್ಬ ಮಹನೀಯರು ಪರಿಚಯದ ಈ ನಾಯಿಯ ಬಾಯಿಗೆ ಹತ್ತಿಯ ಕಡ್ಡಿ ಹಾಕಿ, ಒರೆಸಿ, ಮನುಷ್ಯರದೆಂಬಂತೆ ಟೊರಾಂಟೋದ ಪ್ರಯೋಗಾಲಯವೊಂದಕ್ಕೆ ಕಳಿಸಿದ್ದರು. ವರದಿ ಬಂತು. ಸ್ನೂಪಿ ಶೇಕಡಾ 20ರಷ್ಟು ಮೂಲನಿವಾಸಿ: 12 ಪಾಲು ಅಬೆನಾಕಿ ಬುಡಕಟ್ಟು, 8 ಪಾಲು ಮೊಹಾಕ್ ಬುಡಕಟ್ಟು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ನಾವು ಗಾದೆಯಲ್ಲಿ ಕಂಡಿದ್ದೆವು. ಕರುವಿನ ಗೋತ್ರವನ್ನು ಶೇಕಡಾವಾರು ಲೆಕ್ಕ ಹಾಕಿ ರಸೀದಿ ಕೊಡುವವರನ್ನು ಕಾಣುವುದು ಬಾಕಿ ಇತ್ತು.

ಅದು ಯಾವುದೋ ಗಲ್ಲಿಯ ಲ್ಯಾಬು, ದೊಡ್ಡ ಕಂಪನಿಗಳು ಇಂಥ ಕೆಲಸ ಮಾಡುವುದಿಲ್ಲ ಎಂದು ನೀವು ಹೇಳಬಹುದು. ಒಪ್ಪಿದೆ. ದೊಡ್ಡವರಲ್ಲಿ ಒಬ್ಬರು ನಾಯಿಗೆಂದೇ ಬೇರೆ ಕಿಟ್ ಮಾರಿದ್ದಾರೆ. ಆದ್ದರಿಂದ ನಾಯಿಯನ್ನು ಬಿಟ್ಟು ಮನುಷ್ಯರ ಕಡೆಗೇ ಬರೋಣ. ಅದೇ ಸಿಬಿಸಿಯ ಪತ್ರಕರ್ತೆ ಚಾರ್ಲ್‌ಸಿ ಆಗ್ರೋ 2019ರಲ್ಲಿ ಇನ್ನೊಂದು ತಮಾಷೆ ಮಾಡಿದರು. ಅವರಿಗೊಬ್ಬ ಅವಳಿ ಸಹೋದರಿ ಇದ್ದಾರೆ. ಒಂದೇ ಭ್ರೂಣ ಎರಡಾಗಿ ಹುಟ್ಟಿದ ತದ್ರೂಪಿಗಳು. ಇಬ್ಬರೂ ಐದು ಹೆಸರುವಾಸಿ ಕಂಪನಿಗಳಿಗೆ ತಮ್ಮ ತಮ್ಮ ಎಂಜಲು ಕಳಿಸಿದರು. ಟ್ವೆಂಟಿತ್ರೀ ಅಂಡ್ ಮಿ ಕಂಪನಿಯ ಪ್ರಕಾರ ಚಾರ್ಲ್‌ಸಿ ಶೇಕಡಾ 2.6ರಷ್ಟು ಫ್ರೆಂಚ್ ಮತ್ತು ಜರ್ಮನ್. ಸಹೋದರಿಯಲ್ಲಿ ಅದು ಸೊನ್ನೆ. ಒಂದೇ ಗರ್ಭದಲ್ಲಿ ಒಂದೇ ವಿಳಾಸದಲ್ಲಿದ್ದ ಇಬ್ಬರ ಪೈಕಿ ಒಬ್ಬರಿಗೆ ಮಾತ್ರ ಪ್ಯಾರಿಸ್ಸಿನ ವೀಸಾ ಸಿಕ್ಕಿದೆ! ಫ್ಯಾಮಿಲಿ ಟ್ರೀ ಡಿಎನ್‌ಎ ಎಂಬ ಇನ್ನೊಂದು ಕಂಪನಿ ಇಬ್ಬರಲ್ಲೂ ಶೇಕಡಾ 13-14ರಷ್ಟು ಮಧ್ಯಪ್ರಾಚ್ಯವನ್ನು ಕಂಡಿತು. ಉಳಿದ ನಾಲ್ಕು ಕಂಪನಿಗಳ ಕಣ್ಣಿಗೆ ಆ ಮರುಭೂಮಿಯ ಒಂದು ಮರಳ ಕಣವೂ ಬೀಳಲಿಲ್ಲ.

ಯೇಲ್ ವಿಶ್ವವಿದ್ಯಾಲಯದ ತಜ್ಞರು ಇಬ್ಬರ ಕಚ್ಚಾ ದತ್ತಾಂಶವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅದು ಶೇಕಡಾ 99.6ರಷ್ಟು ಒಂದೇ ಆಗಿತ್ತು. ಅಂದರೆ ಯಂತ್ರ ಅಕ್ಷರಗಳನ್ನು ಸರಿಯಾಗಿಯೇ ಓದಿದೆ. ಎಡವಟ್ಟಾಗಿರುವುದು ಅರ್ಥ ಹೇಳುವ ಪುರೋಹಿತರ ಹಂತದಲ್ಲಿ.

ಈ ಪೌರೋಹಿತ್ಯ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ತಮಾಷೆ ಇರುವುದೇ ಅಲ್ಲಿ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಜನರಿಂದ ಜನರಿಗೆ ಬದಲಾಗುವ ಆರೇಳು ಲಕ್ಷ ಜಾಗಗಳನ್ನಷ್ಟೇ ಕಂಪನಿಯ ಚಿಪ್ ಓದುತ್ತದೆ. ಆಮೇಲೆ ಓದಿದ್ದನ್ನು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡನ್ನೂ ತನ್ನ ಬಳಿ ಮೊದಲೇ ಇರುವ ಮಾದರಿ ಜನರ ತುಂಡುಗಳ ಪಕ್ಕ ಹಿಡಿದು, ‘ಇದು ಇಂಥವರ ಹಾಗೆ ಕಾಣುತ್ತದೆ’ ಎಂದು ಷರಾ ಬರೆಯುತ್ತದೆ. ಈ ಮಾದರಿ ಜನರೇನು ಹರಪ್ಪದಿಂದಲೋ ರೋಮ್‌ನಿಂದಲೋ ಎದ್ದು ಬಂದವರಲ್ಲ. ‘ನಮ್ಮ ನಾಲ್ಕೂ ಅಜ್ಜ ಅಜ್ಜಿಯರು ಇದೇ ಸೀಮೆಯವರು’ ಎಂದು ತಾವೇ ಹೇಳಿಕೊಂಡ, ಈಗ ಬದುಕಿರುವ ಜನ. ಅನೇಕರು ಅದೇ ಕಂಪನಿಯ ಗಿರಾಕಿಗಳು. ನಿಮ್ಮ ಪೂರ್ವಜರು ಎಲ್ಲಿದ್ದರು ಎಂದು ನೀವು ಕೇಳಿದಿರಿ. ನಿಮ್ಮಂಥವರು ಈಗ ಎಲ್ಲಿದ್ದಾರೆ, ಅದೂ ನಮ್ಮ ಅಂಗಡಿಗೆ ಬಂದವರ ಪೈಕಿ, ಎಂದು ಕಂಪನಿ ಉತ್ತರಿಸಿತು. ಸತ್ತವರನ್ನು ಕುರಿತ ಪ್ರಶ್ನೆಗೆ ಬದುಕಿರುವವರ ಗಿರಾಕಿ ಪಟ್ಟಿಯೇ ಉತ್ತರ.

ಆ ಉತ್ತರವನ್ನು ಎಷ್ಟು ನಂಬಬಹುದು? ಟ್ವೆಂಟಿತ್ರೀ ಅಂಡ್ ಮಿ ತನ್ನ ಭೂಪಟದ ಮೂಲೆಯಲ್ಲಿ ಒಂದು ಸಣ್ಣ ಗುಂಡಿ ಇಟ್ಟಿತ್ತು. ಅದು ‘ವಿಶ್ವಾಸದ ಮಟ್ಟ’ದ ಗುಂಡಿ. ನೀವು ಮುಟ್ಟದೆ ಬಿಟ್ಟರೆ ಅದು ಶೇಕಡಾ 50ರಲ್ಲಿ ಕೂತಿರುತ್ತದೆ. ನಿಮ್ಮ ಈ ತುಂಡು ಇಂಥ ದೇಶದ್ದು ಎಂದು ಸಾರಲು ಅರ್ಧಂಬರ್ಧ ಖಾತ್ರಿ ಸಾಕು ಎಂದು ಅದರ ಅರ್ಥ. ಕುತೂಹಲಕ್ಕೆ ಗುಂಡಿಯನ್ನು ಶೇಕಡಾ 90ಕ್ಕೆ ಎಳೆದರೆ ಬಣ್ಣಬಣ್ಣದ ದೇಶಗಳು ಒಂದೊಂದಾಗಿ ಕರಗಿ, ‘ಸ್ಥೂಲವಾಗಿ ಯುರೋಪು’, ‘ಸ್ಥೂಲವಾಗಿ ದಕ್ಷಿಣ ಏಷ್ಯಾ’ ಎಂಬ ಬೂದುಬಣ್ಣದ ಮುದ್ದೆ ಉಳಿಯುತ್ತದೆ. ‘ಸ್ಥೂಲವಾಗಿ ಯುರೋಪು’ ಅನ್ನುವುದನ್ನು ಕನ್ನಡಿಯೂ ಹೇಳುತ್ತದೆ, ಅದಕ್ಕೆ ಕ್ರೆಡಿಟ್ ಕಾರ್ಡ್ ಬೇಕಿಲ್ಲ. ಹೀಗೆ ಅರೆಖಾತ್ರಿಯ ಮೇಲೆ ನಿಂತ ಅಂಕಿಗೆ ಪಾಯಿಂಟ್ ಸಿಕ್ಸ್ ಎಂಬ ದಶಮಾಂಶದ ಬಾಲ ಅಂಟಿಸುವುದಿದೆಯಲ್ಲ, ಅದನ್ನು ಮಾತ್ರ ನಾನು ಕಲೆ ಎಂದು ಗೌರವಿಸುತ್ತೇನೆ. ಶೇಕಡಾ ಮೂರರ ಆಸುಪಾಸು ಎಂದಿದ್ದರೆ ನೀವು ಅನುಮಾನ ಪಡುತ್ತಿದ್ದಿರಿ. 2.6 ಎಂದರೆ ಯಾರೋ ತಕ್ಕಡಿಯಲ್ಲಿ ತೂಗಿದ್ದಾರೆ ಅನಿಸುತ್ತದೆ.

ಇನ್ನು ನಮ್ಮ ಕಡೆಯವರ ತೂಕ. ಜಗತ್ತಿನ ಜನರ ತಳಿವೈವಿಧ್ಯದ ಮಾದರಿ ಸಂಗ್ರಹಿಸಲು 2008ರಲ್ಲಿ ಶುರುವಾಗಿ 2015ರಲ್ಲಿ ಮುಗಿದ ‘1000 ಜೀನೋಮ್ಸ್’ ಎಂಬ ಮಹಾಯೋಜನೆ ಇದೆ. ಸಂಶೋಧಕರೂ ಕಂಪನಿಗಳೂ ಬಳಸುವ ಸಾರ್ವಜನಿಕ ಭಂಡಾರ ಅದು. ಅದರಲ್ಲಿ ದಕ್ಷಿಣ ಏಷ್ಯಾದ ಐದು ಗುಂಪುಗಳಿವೆ, ಒಂದೊಂದರಲ್ಲಿ ಸುಮಾರು ನೂರು ಜನ. ಯಾರು ಅಂತೀರಿ? ಅಮೆರಿಕದ ಹ್ಯೂಸ್ಟನ್‌ನಲ್ಲಿರುವ ಗುಜರಾತಿಗಳು. ಲಾಹೋರಿನ ಪಂಜಾಬಿಗಳು. ಬಾಂಗ್ಲಾದೇಶದ ಬಂಗಾಳಿಗಳು. ಬ್ರಿಟನ್ನಿನಲ್ಲಿರುವ ತೆಲುಗರು. ಬ್ರಿಟನ್ನಿನಲ್ಲೇ ಇರುವ ಶ್ರೀಲಂಕಾದ ತಮಿಳರು. ಭಾರತದ ಮಾದರಿಗಳೆಲ್ಲ ಭಾರತದ ಹೊರಗಿನವು. ನಾವು ಕನ್ನಡಿಗರಂತೂ ಎಂದಿನ ನಿರಭಿಮಾನದಿಂದ ಪಟ್ಟಿಯಲ್ಲೇ ಇಲ್ಲ. ಪಕ್ಕದ ರಾಜ್ಯದವರು ಲಂಡನ್ನಿಗೆ ಹೋಗಿಯಾದರೂ ಸಾಲಿನಲ್ಲಿ ನಿಂತರು, ನಾವು ಇಲ್ಲಿ ‘ಅಡ್ಜಸ್ಟ್’ ಮಾಡಿಕೊಂಡೆವು. ಕಂಪನಿಗಳು ಆಮೇಲೆ ತಮ್ಮ ಗಿರಾಕಿಗಳಿಂದಲೇ ಮಾದರಿ ಹೆಚ್ಚಿಸಿಕೊಂಡವು ನಿಜ. ಆದರೆ ಈ ಕಿಟ್ಟು ಕೊಳ್ಳುವ ಕನ್ನಡಿಗ ಯಾರು? ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಸಾಫ್ಟ್‌ವೇರಿನವನು. ಗದಗಿನ ನೇಕಾರ, ಹೆಗ್ಗಡದೇವನಕೋಟೆಯ ಜೇನುಕುರುಬ, ಭಟ್ಕಳದ ನವಾಯತ, ಎಲ್ಲರ ವಂಶಕ್ಕೂ ಸನ್ನಿವೇಲಿನ ಅಪಾರ್ಟ್‌ಮೆಂಟಿನವನೇ ಅಳತೆಗೋಲು.

ಇಂಥ ಒಬ್ಬ ಹುಡುಗ ವರದಿ ಕೈಗೆ ಬಂದ ದಿನ ತಿಪಟೂರಿನಲ್ಲಿರುವ ಅಮ್ಮನಿಗೆ ಫೋನು ಮಾಡಿದ ಎಂದಿಟ್ಟುಕೊಳ್ಳಿ. ಮಾತು ಸುಮಾರು ಹೀಗೆ ಸಾಗೀತು.

“ಅಮ್ಮಾ, ನಾವು ಶೇಕಡಾ 94 ‘ದಕ್ಷಿಣ ಭಾರತ ಮತ್ತು ಶ್ರೀಲಂಕಾ’ ಅಂತೆ.”

“ಇದನ್ನ ಹೇಳಕ್ಕೆ ಅವರಿಗೆ ದುಡ್ಡು ಬೇರೆ ಕೊಟ್ಯಾ? ನನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ದೆ. ಶ್ರೀಲಂಕಾ ಯಾಕೆ ಬಂತು ಮಧ್ಯದಲ್ಲಿ?”

“ಅವರ ಲೆಕ್ಕದಲ್ಲಿ ಎರಡೂ ಒಂದೇ ಡಬ್ಬಿ ಅಮ್ಮ. ಇನ್ನೂ ಇದೆ ಕೇಳು. ಶೇಕಡಾ 1.8 ಮಧ್ಯ ಏಷ್ಯಾ.”

“ಯಾವ ಏಷ್ಯಾನೋ. ನಿಮ್ಮ ತಾತ ಅರಸೀಕೆರೆ ಜಂಕ್ಷನ್ ದಾಟಿದ್ದೇ ನನ್ನ ಮದುವೆ ಮಾತುಕತೆಗೆ.”

“ಈಗಲ್ಲಮ್ಮ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಯಾರೋ ಬಂದಿರಬೇಕು.”

“ಹಾಗಾದ್ರೆ ಈ ಸಲ ತಿಥಿಯಲ್ಲಿ ಅವರಿಗೂ ಒಂದು ಎಲೆ ಹಾಕಿಸ್ಲಾ? ಊಟಕ್ಕೆ ಏನು ಮಾಡ್ತಾರಂತೆ ಅವರು?”

ಅಮ್ಮನ ಈ ಕೊನೆಯ ಪ್ರಶ್ನೆಗೆ ಯಾವ ಕಂಪನಿಯ ಸಹಾಯವಾಣಿಯೂ ಉತ್ತರಿಸಲಾರದು.

ಎಂಜಲಿನ ವಿಚಾರವನ್ನು ಮಾತ್ರ ಅಮ್ಮನಿಂದ ಮುಚ್ಚಿಟ್ಟಿರುವುದು ಒಳ್ಳೆಯದು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ನೀರು ಕುಡಿದ ಮನೆತನ ಅದು. ಅಡುಗೆಯ ಸೌಟು ಬಾಯಿಗೆ ಸೋಕಿದರೆ ಹಂಡೆ ನೀರಿನಲ್ಲಿ ತೊಳೆದವರ ಮೊಮ್ಮಗ ಈಗ ಅರ್ಧ ಗಂಟೆ ಅನ್ನ ನೀರು ಮುಟ್ಟದೆ ವ್ರತ ಹಿಡಿದು, ನಳಿಕೆಯ ಗೆರೆ ಮುಟ್ಟುವ ತನಕ ಉಗುಳಿ, ಮುಚ್ಚಳ ಹಾಕಿ, ಅಂಚೆ ಪೆಟ್ಟಿಗೆಗೆ ಹಾಕುತ್ತಾನೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಹೇಳಿದ್ದನ್ನು ಇಷ್ಟು ಅಕ್ಷರಶಃ ಪರೀಕ್ಷಿಸಿದ ಪೀಳಿಗೆ ಇನ್ನೊಂದಿಲ್ಲ.

ವಂಶ ಹೇಳುವ ಉದ್ಯೋಗ ನಮಗೇನೂ ಹೊಸದಲ್ಲ. ನಮ್ಮಲ್ಲಿ ಹೆಳವರಿದ್ದಾರೆ. ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಬಂದು, ಒಕ್ಕಲಿನ ಮನೆಯ ಮುಂದೆ ನಿಂತು, ಆ ಮನೆತನದ ಮೂಲ ಪುರುಷ ಯಾರು, ಯಾವ ಊರಿಂದ ಯಾಕೆ ಎದ್ದು ಬಂದ, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಹಿಸ್ಸೆ ಯಾವಾಗ ಆಯಿತು ಎಂದು ಒಪ್ಪಿಸುತ್ತಿದ್ದರು. ಹಿಂದೆ ತಾಮ್ರಪಟ, ಓಲೆಗರಿಗಳಲ್ಲಿ ಇದ್ದದ್ದು ಆಮೇಲೆ ದಪ್ಪ ಪುಸ್ತಕಗಳಿಗೆ ಬಂತು. ಆಸ್ತಿ ತಗಾದೆಗಳಲ್ಲಿ ಅವರ ಮಾತಿಗೆ ಬೆಲೆಯಿತ್ತು. ಪ್ರತಿಯಾಗಿ ಕಾಳು, ಬಟ್ಟೆ, ಕೈ ನಡೆದರೆ ಒಂದು ಕರು. ಹೆಳವರು ಹೊಗಳುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಕಾಳು ಕೊಡುವ ಮನೆಯ ಮೂಲ ಪುರುಷ ಕಳ್ಳನಾಗಿದ್ದ ಕಥೆ ಯಾವ ಪುಸ್ತಕದಲ್ಲೂ ಇರಲಾರದು. ಆದರೆ ಅವರು ಹೇಳುತ್ತಿದ್ದದ್ದು ಬೀದಿಯಲ್ಲಿ, ದಾಯಾದಿಗಳ ಎದುರಿಗೆ. ಹೆಸರು ತಪ್ಪಿದರೆ ಎದುರು ಮನೆಯ ಜಗುಲಿಯಿಂದಲೇ ತಕರಾರು ಬರುತ್ತಿತ್ತು. ಮುಂದಿನ ಸುಗ್ಗಿಗೆ ಮತ್ತೆ ಅದೇ ಬಾಗಿಲಿಗೆ ಬರಬೇಕಾದವರು ಅವರು. ಕಂಪನಿಗೆ ಈ ಯಾವ ಮುಲಾಜೂ ಇಲ್ಲ. ‘ಇವು ಅಂದಾಜುಗಳು, ಮುಂದೆ ಬದಲಾಗಬಹುದು’ ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಬರೆದುಬಿಟ್ಟರೆ ಋಣ ತೀರಿತು.

ಹೆಳವರು ರೈತರಿಗಾದರೆ ರಾಜರಿಗೆ ಶಾಸನಕವಿಗಳು. ಹೊಯ್ಸಳರು ಮಲೆನಾಡಿನಲ್ಲಿ ಕತ್ತಿ ಮಸೆದು ಮೇಲೆ ಬಂದವರು. ಕಿರೀಟ ಗಟ್ಟಿಯಾಗುತ್ತಿದ್ದಂತೆ ಅವರು ಯಾದವರು, ದ್ವಾರಾವತೀ ಪುರವರಾಧೀಶ್ವರರು. ಬನವಾಸಿಯ ಕದಂಬರು ಮಾನವ್ಯಗೋತ್ರದ ಹಾರೀತಿಪುತ್ರರು. ಅವರನ್ನು ಬಗ್ಗುಬಡಿದ ಬಾದಾಮಿ ಚಾಲುಕ್ಯರೂ ಮಾನವ್ಯಗೋತ್ರದ ಹಾರೀತಿಪುತ್ರರೇ. ರಾಜ್ಯದ ಜೊತೆ ವಂಶಾವಳಿಯೂ ವರ್ಗವಾಗುತ್ತಿತ್ತೋ ಏನೋ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ವರದಿ ಪರಿಷ್ಕರಣೆಯಾಗಿ, ತಮ್ಮ 59 ಪೂರ್ವಜರು ಅಯೋಧ್ಯೆಯಲ್ಲಿ ಆಳಿದ್ದರು ಎಂಬ ನಿಖರ ಸಂಖ್ಯೆ ಶಾಸನಕ್ಕೆ ಸೇರಿತು. ಅರವತ್ತು ಎನ್ನಲಿಲ್ಲ ನೋಡಿ. ದಶಮಾಂಶದ ಮಹಿಮೆ ಆಗಲೇ ತಿಳಿದಿತ್ತು. ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆ ಕಾಶ್ಮೀರದಿಂದ ಬಂದ ಬಿಲ್ಹಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬ್ರಹ್ಮನ ಬೊಗಸೆಯ ನೀರಿನಿಂದ ಈ ವಂಶದ ಮೂಲವೀರ ಎದ್ದುಬಂದ ಎಂದು ಬರೆದ. ಆಗ ಬ್ರಹ್ಮನ ಬೊಗಸೆಯ ನೀರು, ಈಗ ಅವರವರ ಬಾಯಿಯ ನೀರು. ಬಿಲ್ಹಣನಾದರೂ ಮಹಾಕಾವ್ಯ ಬರೆದುಕೊಟ್ಟ. ಇವರು ಕೊಡುವುದು ಪೈ ಚಾರ್ಟು.

ಪೂರ್ವಜರನ್ನು ಹುಡುಕಲೇಬೇಕೆಂದು ಹಟ ಹಿಡಿದವರು ಒಮ್ಮೆ ಕಾಗದ ಪೆನ್ಸಿಲು ತೆಗೆದುಕೊಂಡು ಕೂರಬೇಕು. ಅಪ್ಪ ಅಮ್ಮ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಮುತ್ತಜ್ಜ ಮುತ್ತಜ್ಜಿಯರು ಎಂಟು. ಹತ್ತು ತಲೆಮಾರಿಗೆ 1,024. ಇಪ್ಪತ್ತಕ್ಕೆ ಹತ್ತು ಲಕ್ಷ ದಾಟುತ್ತದೆ. ಮೂವತ್ತಕ್ಕೆ, ಅಂದರೆ ಹೆಚ್ಚುಕಡಿಮೆ ಬಸವಣ್ಣನವರ ಕಾಲಕ್ಕೆ, ನಿಮಗೆ 107 ಕೋಟಿ ಪೂರ್ವಜರು ಬೇಕು. ಆಗ ಇಡೀ ಭೂಮಂಡಲದಲ್ಲಿ ಅದರ ಅರ್ಧದಷ್ಟು ಜನವೂ ಇರಲಿಲ್ಲ. ಅಂದರೆ ಅವರವರೇ ಮತ್ತೆ ಮತ್ತೆ ಬಂದು ನಿಮ್ಮ ವಂಶವೃಕ್ಷದ ಬೇರೆ ಬೇರೆ ಕೊಂಬೆಯಲ್ಲಿ ಕೂತಿದ್ದಾರೆ. ಸಾಲದ್ದಕ್ಕೆ ಆ ಹತ್ತನೇ ತಲೆಮಾರಿನ ಸಾವಿರ ಚಿಲ್ಲರೆ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಡಿಎನ್‌ಎಯ ಒಂದು ಚೂರೂ ನಿಮ್ಮಲ್ಲಿ ಉಳಿದಿರುವುದಿಲ್ಲ. ಪ್ರತಿ ತಲೆಮಾರಿನಲ್ಲೂ ಅರ್ಧ ಬಿಟ್ಟು ಅರ್ಧ ಹಂಚುವ ಲಾಟರಿಯಲ್ಲಿ ಅವರು ಸೋತಿದ್ದಾರೆ. ಅವರು ನಿಜವಾದ ಪೂರ್ವಜರೇ. ಎಂಜಲಿನಲ್ಲಿ ಮಾತ್ರ ಗೈರುಹಾಜರು. ಗೋತ್ರದ ಋಷಿಯ ಹೆಸರು ಹೇಳಿ ಮೀಸೆ ತಿರುವುವವರಿಗೂ ಇದೇ ಲೆಕ್ಕ. 107 ಕೋಟಿಯಲ್ಲಿ ಅಪ್ಪನ ಅಪ್ಪನ ಅಪ್ಪ ಎಂದು ನೇರ ಗೆರೆ ಎಳೆದುಕೊಂಡು ಒಬ್ಬನನ್ನು ಆರಿಸಿ, ಉಳಿದವರನ್ನೆಲ್ಲ ಅಡುಗೆಮನೆಗೆ ಕಳಿಸುವ ವ್ಯವಸ್ಥೆ ಅದು. ಋಷಿಮೂಲ ನದೀಮೂಲ ಹುಡುಕಬಾರದು ಎಂದ ಪುಣ್ಯಾತ್ಮನಿಗೆ ಈ ಗುಣಾಕಾರ ಗೊತ್ತಿದ್ದಿರಬೇಕು.

ಒಬ್ಬರೇ ಹಲವು ಕೊಂಬೆಗಳಲ್ಲಿ ಕೂರುವ ಈ ವಿಷಯದಲ್ಲಿ ನಮ್ಮ ಹಳೇ ಮೈಸೂರು ಸೀಮೆಯ ಕೊಡುಗೆ ವಿಶೇಷವಾದದ್ದು. ಸೋದರಮಾವನಿಗೇ ಹೆಣ್ಣು ಕೊಡುವ ಮನೆಗಳಲ್ಲಿ ಅಪ್ಪನ ತಾಯಿ ಯಾರೋ ಅಮ್ಮನ ಅಜ್ಜಿಯೂ ಅವರೇ. ಶತಮಾನಗಟ್ಟಲೆ ಒಂದೇ ಜಾತಿಯ ಒಂದೇ ಹತ್ತೂರಿನೊಳಗೆ ಕೊಟ್ಟು ತಂದು ಮಾಡಿದವರ ಡಿಎನ್‌ಎಯನ್ನು ಯುರೋಪಿನವರ ಲೆಕ್ಕದ ತಂತ್ರಾಂಶಕ್ಕೆ ತುರುಕಿದರೆ, ಅದಕ್ಕೆ ಎಲ್ಲರೂ ಎಲ್ಲರಿಗೂ ಹತ್ತಿರದವರಾಗಿ ಕಾಣುತ್ತಾರೆ. ಏಳು ತಲೆಮಾರಿನ ಹಿಂದೆ ಕವಲೊಡೆದವನು ಎರಡನೇ ಕಸಿನ್ ಅನ್ನಿಸಿಕೊಂಡು ಫೇಸ್‌ಬುಕ್ಕಿನಲ್ಲಿ ಕೈಮುಗಿಯುತ್ತಾನೆ. ಮದುವೆ ಕರೆಯೋಲೆಯ ಪಟ್ಟಿ ಉದ್ದವಾಗುವುದು ಬಿಟ್ಟರೆ ಬೇರೆ ಲಾಭವಿಲ್ಲ.

ಹಾಗಿದ್ದೂ ಜನ ನಂಬುವುದೇಕೆ? ಪೂರ್ತಿ ನಂಬುವುದಿಲ್ಲ ಎಂಬುದೇ ಇದರ ಸ್ವಾರಸ್ಯ. ತಮಗೆ ಬೇಕಾದ್ದನ್ನು ನಂಬುತ್ತಾರೆ. ಅಮೆರಿಕದ ಕ್ರೇಗ್ ಕಾಬ್ ಎಂಬಾತ ಬಿಳಿಯರಿಗೆಂದೇ ಒಂದು ಊರು ಕಟ್ಟಲು ಹೊರಟಿದ್ದವನು. 2013ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಅವನ ಡಿಎನ್‌ಎ ಫಲಿತಾಂಶವನ್ನು ಎಲ್ಲರೆದುರು ಓದಿದರು: 86 ಪಾಲು ಯುರೋಪು, 14 ಪಾಲು ಸಹಾರಾದ ಕೆಳಗಿನ ಆಫ್ರಿಕಾ. ಆ 14 ಪಾಲನ್ನು ಅವನು ತಕ್ಷಣ ‘ಸಂಖ್ಯಾಶಾಸ್ತ್ರದ ಗದ್ದಲ’ ಎಂದು ತಳ್ಳಿಹಾಕಿದ. ಜೀವನದಲ್ಲಿ ಅವನು ಆಡಿದ ಅತ್ಯಂತ ವೈಜ್ಞಾನಿಕ ಮಾತು ಅದೇ ಇರಬೇಕು. ಉಳಿದ 86ಕ್ಕೆ ಅದನ್ನು ಅನ್ವಯಿಸಲಿಲ್ಲ, ಅಷ್ಟೇ. ಆಂಸೆಸ್ಟ್ರಿ ಕಂಪನಿಯ ಹೆಸರಾಂತ ಜಾಹೀರಾತಿನಲ್ಲಿ ಒಬ್ಬಾತ ತಾನು ಜರ್ಮನ್ ಎಂದುಕೊಂಡು ಜೀವನವಿಡೀ ಜರ್ಮನರ ಚರ್ಮದ ಚಡ್ಡಿ ತೊಟ್ಟು ಕುಣಿದು, ಪರೀಕ್ಷೆಯ ನಂತರ ಅದನ್ನು ಬಿಚ್ಚಿಟ್ಟು ಸ್ಕಾಟ್ಲೆಂಡಿನವರ ಲಂಗ ಉಡುತ್ತಾನೆ. ಮುಂದೆ 2020ರಲ್ಲಿ ಅದೇ ಕಂಪನಿ ತನ್ನ ಲೆಕ್ಕವನ್ನು ಪರಿಷ್ಕರಿಸಿದಾಗ ಎಷ್ಟೋ ಗಿರಾಕಿಗಳು ರಾತ್ರಿ ಬೆಳಗಾಗುವುದರೊಳಗೆ ಇನ್ನಷ್ಟು ಸ್ಕಾಟಿಷ್ ಆಗಿಬಿಟ್ಟರು. ಅವರ ಮೈಯೊಳಗೆ ಏನೂ ಬದಲಾಗಿರಲಿಲ್ಲ, ಬದಲಾದದ್ದು ಕಂಪ್ಯೂಟರಿನಲ್ಲಿ. ಇಂಥ ಪರಿಷ್ಕರಣೆ ಬಂದಾಗಲೆಲ್ಲ ಹೊಸ ಬಟ್ಟೆ ಹೊಲಿಸುವವರಿಗೆ ದರ್ಜಿಗಳ ಸಂಘ ಸನ್ಮಾನ ಮಾಡಬೇಕು.

ರಾಜಕಾರಣಿಗಳು ಬಿಟ್ಟಾರೆಯೇ. ಸೆನೆಟರ್ ಎಲಿಜಬೆತ್ ವಾರನ್ 2018ರ ಅಕ್ಟೋಬರಿನಲ್ಲಿ ತಮ್ಮ ಡಿಎನ್‌ಎಯನ್ನು ಸ್ಟಾನ್‌ಫರ್ಡಿನ ವಿಜ್ಞಾನಿಯಿಂದ ಪರೀಕ್ಷೆ ಮಾಡಿಸಿ, ಆರರಿಂದ ಹತ್ತು ತಲೆಮಾರಿನ ಹಿಂದೆ ತಮಗೊಬ್ಬ ಅಮೆರಿಕನ್ ಮೂಲನಿವಾಸಿ ಪೂರ್ವಜರಿದ್ದರೆಂದು ಪ್ರಕಟಿಸಿದರು. ಅರವತ್ತನಾಲ್ಕರಲ್ಲಿ ಒಂದು ಪಾಲಿನಿಂದ ಸಾವಿರದ ಇಪ್ಪತ್ತನಾಲ್ಕರಲ್ಲಿ ಒಂದು ಪಾಲಿನವರೆಗೆ ಏನೂ ಇರಬಹುದು. ಹೋಲಿಕೆಗೆ ಬಳಸಿದ್ದು ಮೆಕ್ಸಿಕೊ, ಪೆರು, ಕೊಲಂಬಿಯಾದವರ ಮಾದರಿ, ಏಕೆಂದರೆ ಅಮೆರಿಕದ ಬುಡಕಟ್ಟುಗಳವರು ತಮ್ಮ ಮೈಯನ್ನು ಬಿಳಿಯರ ಪ್ರಯೋಗಕ್ಕೆ ಒಡ್ಡಿ ಸಾಕಾದವರು. ನಮ್ಮ ಪೌರತ್ವ ತೀರ್ಮಾನಿಸಲು ಡಿಎನ್‌ಎಗೆ ಅಧಿಕಾರವಿಲ್ಲ ಎಂದು ಮೂಲನಿವಾಸಿಗಳ ಚೆರೊಕೀ ರಾಷ್ಟ್ರ ಖಾರವಾಗಿಯೇ ಹೇಳಿತು. ಮರುವರ್ಷ ಸೆನೆಟರ್ ಕ್ಷಮೆ ಕೇಳಿದರು. ನಮ್ಮ ನಾಡಕಚೇರಿಯ ವ್ಯವಸ್ಥೆಯೇ ಮೇಲು. ಜಾತಿ ಪ್ರಮಾಣಪತ್ರಕ್ಕೆ ಅವರು ಅರ್ಜಿ ಕೇಳುತ್ತಾರೆ, ಶಾಲೆಯ ದಾಖಲೆ ಕೇಳುತ್ತಾರೆ, ಬೇರೆ ಏನೇನೋ ಕೇಳಿದರೂ ಕೇಳಬಹುದು. ಎಂಜಲನ್ನು ಮಾತ್ರ ಕೇಳುವುದಿಲ್ಲ.

ಇಷ್ಟು ಬೈದ ಮೇಲೆ ನ್ಯಾಯದ ಮಾತೊಂದನ್ನು ಆಡಬೇಕು. ಇದೇ ಎಂಜಲು ಒಂದು ಪ್ರಶ್ನೆಗೆ ಮಾತ್ರ ಎದೆ ನಡುಗಿಸುವಷ್ಟು ಖಚಿತ ಉತ್ತರ ಕೊಡುತ್ತದೆ: ಅಪ್ಪ ಯಾರು? ಹಿರಿಯ ರಾಜಕಾರಣಿ ಎನ್. ಡಿ. ತಿವಾರಿ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಜಗ್ಗಾಡಿ, ಕೊನೆಗೆ ರಕ್ತ ಕೊಟ್ಟು, 2012ರಲ್ಲಿ ಅಪ್ಪನಾದರು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಡೊನಾಲ್ಡ್ ಕ್ಲೈನ್ ಎಂಬ ಫಲವತ್ತತೆಯ ವೈದ್ಯ ಬಂಜೆತನದ ಚಿಕಿತ್ಸೆಗೆ ಬಂದ ಹೆಂಗಸರಿಗೆ ಗುಟ್ಟಾಗಿ ತನ್ನದೇ ವೀರ್ಯ ಬಳಸಿದ್ದು ಹೊರಬಿದ್ದದ್ದು ಈ ಕಿಟ್ಟುಗಳಿಂದಲೇ. ತೊಂಬತ್ತಕ್ಕೂ ಹೆಚ್ಚು ಮಂದಿ ದೊಡ್ಡವರಾದ ಮೇಲೆ ತಾವು ಅಣ್ಣ ತಂಗಿಯರೆಂದು ಕಂಡುಕೊಂಡರು. ಹತ್ತಿರದ ರಕ್ತಸಂಬಂಧದಲ್ಲಿ ಉದ್ದುದ್ದ ತುಂಡುಗಳು ಹಾಗೇ ಹೊಂದುತ್ತವೆ, ಅಲ್ಲಿ ಅಂದಾಜಿಗೆ ಜಾಗವಿಲ್ಲ. ಅಪ್ಪ ಯಾರೆಂಬುದು ಖಾತ್ರಿ, ಊರು ಯಾವುದೆಂಬುದು ಬುರುಡೆ. ಆದರೆ ಜಾಹೀರಾತಿನಲ್ಲಿ ತೋರಿಸುವುದು ಊರನ್ನು, ಲಂಗವನ್ನು, ಕಡಲತೀರದ ಕೋಟೆಯನ್ನು. ಕ್ರಿಸ್‌ಮಸ್ ಉಡುಗೊರೆ ಎಂದು ಮನೆಮಂದಿಗೆಲ್ಲ ಒಂದೊಂದು ಕಿಟ್ ಹಂಚುವ ದೊಡ್ಡಪ್ಪನಿಗೆ ಇದರ ವಿವೇಚನೆ ಇರುವುದಿಲ್ಲ. ಸ್ಕಾಟ್ಲೆಂಡ್ ಸಿಗಲಿ ಎಂದು ಉಗುಳಿದವರಿಗೆ ಪಕ್ಕದ ಮನೆಯ ಅಂಕಲ್ ಸಿಕ್ಕಿದ್ದೂ ಉಂಟು.

ಭಾರತದಲ್ಲಿ ಈ ಚಪಲ ಬೇರೆ ವೇಷದಲ್ಲಿದೆ. ಅಮೆರಿಕದವನಿಗೆ ತಾನು ಎಷ್ಟು ಬೆರಕೆ ಎಂದು ತಿಳಿಯುವ ಆಸೆ, ನಮ್ಮವನಿಗೆ ತಾನು ಎಷ್ಟು ಶುದ್ಧ ಎಂದು ತಿಳಿಯುವ ಆಸೆ. ತಳಿವಿಜ್ಞಾನಿಗಳಾದ ಹೈದರಾಬಾದಿನ ಲಾಲ್‌ಜಿ ಸಿಂಗ್, ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಖ್ ತಂಡ 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಈ ಆಸೆಗೆ ತಣ್ಣೀರೆರಚಿತು. ಅವರು ನೋಡಿದ ಬಹುತೇಕ ಎಲ್ಲ ಗುಂಪುಗಳೂ ಎರಡು ಹಳೆಯ ಜನಸಮೂಹಗಳ ಬೆರಕೆ, ಪ್ರಮಾಣದಲ್ಲಷ್ಟೇ ವ್ಯತ್ಯಾಸ. ಅದೇ ಬಳಗದ 2013ರ ಇನ್ನೊಂದು ಅಧ್ಯಯನದ ಪ್ರಕಾರ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಎಲ್ಲರೂ ಎಲ್ಲರೊಂದಿಗೂ ಬೆರೆತಿದ್ದಾರೆ. ಆಮೇಲೆ ಬಾಗಿಲು ಹಾಕಿಕೊಂಡಿದ್ದಾರೆ. ಅಂದರೆ ನಮ್ಮ ಶುದ್ಧರೆಲ್ಲ ಬೆರೆತು ಮುಗಿದ ಮೇಲೆ ಸ್ನಾನ ಮಾಡಿ ಮಡಿ ಉಟ್ಟವರು. ಈ ಎರಡು ಸಮೂಹಗಳಿಗೆ ಏನು ಹೆಸರಿಡಬೇಕೆಂಬುದಕ್ಕೇ ಹೈದರಾಬಾದಿನಲ್ಲಿ ಬಿಸಿಬಿಸಿ ಚರ್ಚೆಯಾಗಿ, ಯಾರ ಮನಸ್ಸೂ ನೋಯದ ಹೆಸರು ಹುಡುಕಬೇಕಾಯಿತು ಎಂದು ರೈಖ್ ತಮ್ಮ 2018ರ ಪುಸ್ತಕದಲ್ಲಿ ಬರೆದಿದ್ದಾರೆ. 2019ರಲ್ಲಿ ಹರಪ್ಪ ನಾಗರಿಕತೆಯ ನೆಲೆಯಾದ ರಾಖಿಗಢಿಯ ಅರವತ್ತಕ್ಕೂ ಹೆಚ್ಚು ಮಾದರಿಗಳಲ್ಲಿ ಒಬ್ಬಳೇ ಒಬ್ಬ ಹೆಂಗಸಿನ ಡಿಎನ್‌ಎ ಓದಲು ಸಿಕ್ಕಿತು. ನಾಲ್ಕೂವರೆ ಸಾವಿರ ವರ್ಷ ನೆಮ್ಮದಿಯಾಗಿ ಮಲಗಿದ್ದ ಆಕೆಯನ್ನು ಎಬ್ಬಿಸಿ, ಆರ್ಯರು ಬಂದರು ಎನ್ನುವವರೂ ಬರಲಿಲ್ಲ ಎನ್ನುವವರೂ ಒಂದೇ ದಿನ ತಂತಮ್ಮ ಕಡೆಯ ಸಾಕ್ಷಿಯಾಗಿ ಕಟಕಟೆಗೆ ಹತ್ತಿಸಿದರು. 2022ರಲ್ಲಂತೂ ಕೇಂದ್ರದ ಸಂಸ್ಕೃತಿ ಸಚಿವಾಲಯ ‘ಜನಾಂಗಗಳ ಶುದ್ಧತೆ’ ಪತ್ತೆಹಚ್ಚುವ ಯಂತ್ರಗಳಿಗೆ ಹಣ ಕೊಡಲಿದೆ ಎಂದು ಪತ್ರಿಕೆಯೊಂದು ಬರೆಯಿತು. ಸಚಿವಾಲಯ ಅದು ಸುಳ್ಳೆಂದಿತು. ವಿಜ್ಞಾನಿಗಳೂ ಇತಿಹಾಸಕಾರರೂ ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು.

ಬಾಗಿಲು ಹಾಕಿಕೊಂಡದ್ದರ ನಿಜವಾದ ಫಲ ಏನೆಂದು ಅರಿವಳಿಕೆ ವೈದ್ಯರನ್ನು ಕೇಳಬೇಕು. ನಮ್ಮ ನೆರೆಯ ಆಂಧ್ರದ ವೈಶ್ಯ ಸಮುದಾಯದಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ಮುನ್ನ ಕೊಡುವ ಸ್ನಾಯು ಸಡಿಲಿಸುವ ಮದ್ದು ಬೇಗ ಇಳಿಯುವುದಿಲ್ಲ, ಉಸಿರು ಮರಳುವುದು ತಡವಾಗುತ್ತದೆ. ಒಂದೇ ಗುಂಪಿನೊಳಗೆ ಮದುವೆಯಾಗುತ್ತಾ ಬಂದದ್ದರಿಂದ ಒಂದು ತಳಿದೋಷ ಅಲ್ಲಿ ಬೀಡುಬಿಟ್ಟಿದೆ. ಡಿಎನ್‌ಎ ಓದುವುದಿದ್ದರೆ ಇಂಥದ್ದಕ್ಕೆ ಓದಬೇಕು. ಓದುತ್ತಲೂ ಇದ್ದಾರೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ‘ಜೀನೋಮ್ ಇಂಡಿಯಾ’ 83 ಜನಸಮುದಾಯಗಳ 10,000 ಮಂದಿಯ ಜೀನೋಮ್ ದತ್ತಾಂಶವನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅಲ್ಲಿ ಪೈ ಚಾರ್ಟು ಕೊಡುವುದಿಲ್ಲ. ಆದ್ದರಿಂದ ಮದುವೆಮನೆಗಳಲ್ಲಿ ಅದರ ಮಾತೂ ಬರುವುದಿಲ್ಲ.

ಮದುವೆಮನೆಗೆ ಬೇಕಾದದ್ದನ್ನು ಮಾರಲು ಹೊರಟವರ ಗತಿ ಏನಾಯಿತು ನೋಡಿ. ಟ್ವೆಂಟಿತ್ರೀ ಅಂಡ್ ಮಿ 2007ರಲ್ಲಿ ಮೊದಲ ಕಿಟ್ಟನ್ನು 999 ಡಾಲರಿಗೆ ಮಾರಿತು. 2012ರ ಹೊತ್ತಿಗೆ ಬೆಲೆ 99ಕ್ಕೆ ಇಳಿಯಿತು. ಇಷ್ಟು ಅಗ್ಗ ಯಾಕೆ ಎಂದು ಕೇಳಿದವರು ಕಡಿಮೆ. 2018ರಲ್ಲಿ ಔಷಧ ಕಂಪನಿ ಜಿಎಸ್‌ಕೆ 30 ಕೋಟಿ ಡಾಲರ್ ಹೂಡಿದಾಗ, ಅಂಗಡಿಯಲ್ಲಿ ಮಾರಾಟಕ್ಕಿದ್ದ ಸರಕು ವರದಿಯಲ್ಲ, ಉಗುಳಿದವರು ಎಂಬುದು ಕೆಲವರಿಗಾದರೂ ಹೊಳೆಯಿತು. ಷೇರುಪೇಟೆಯಲ್ಲಿ ಒಮ್ಮೆ ಸುಮಾರು 600 ಕೋಟಿ ಡಾಲರಿಗೆ ಏರಿತು ಕಂಪನಿ. ವಂಶ ಗೊತ್ತಾದವನು ಎರಡನೇ ಸಲ ಕಿಟ್ ಕೊಳ್ಳುವುದಿಲ್ಲ ಎಂಬ ಸಣ್ಣ ವಿಷಯ ಹೂಡಿಕೆದಾರರಿಗೆ ತಡವಾಗಿ ತಿಳಿಯಿತು. 2023ರಲ್ಲಿ ಕಳ್ಳರು ನುಗ್ಗಿ 69 ಲಕ್ಷ ಮಂದಿಯ ಮಾಹಿತಿ ಹೊತ್ತೊಯ್ದರು. ಹಳೆಯ ಪಾಸ್‌ವರ್ಡನ್ನೇ ಮತ್ತೆ ಬಳಸಿದ್ದು ಗಿರಾಕಿಗಳ ತಪ್ಪು ಎಂದು ಕಂಪನಿಯ ವಕೀಲರು ಪತ್ರ ಬರೆದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಎಂಜಲಿಗೆ ಹೋದ ಮಾನಕ್ಕಂತೂ ವಕೀಲರ ನೋಟಿಸೇ ಬಂತು. 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಕೊನೆಗೆ ಅದರ ಸ್ಥಾಪಕರಲ್ಲಿ ಒಬ್ಬರಾದ ಆ್ಯನ್ ವೊಯ್‌ಚಿಟ್ಸ್‌ಕಿಯವರ ಲಾಭರಹಿತ ಸಂಸ್ಥೆಯೇ 30.5 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಗಿರಾಕಿಗಳು ಸುಮಾರು ಒಂದೂವರೆ ಕೋಟಿ. ಭಾಗಿಸಿ ನೋಡಿದರೆ ತಲೆಗೆ 20 ಡಾಲರ್ ಬೀಳುತ್ತದೆ. ಅಯೋಧ್ಯೆಯ 59 ರಾಜರು, ಸ್ಕಾಟ್ಲೆಂಡಿನ ಕೋಟೆ, ಮಧ್ಯ ಏಷ್ಯಾದ ಕುದುರೆ ಸವಾರ, ಎಲ್ಲ ಸೇರಿ.

ಅರ್ಜಿ ಹಾಕುವ ಮುನ್ನಾ ದಿನಗಳಲ್ಲೇ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ನಿಮ್ಮ ದತ್ತಾಂಶವನ್ನು ಅಳಿಸಿಕೊಳ್ಳಿ ಎಂದು ಜನರಿಗೆ ಬುದ್ಧಿ ಹೇಳಿದ್ದರು. ಅಳಿಸಿಕೊಂಡವರು ನಿಟ್ಟುಸಿರು ಬಿಟ್ಟರು. ಆದರೆ 2018ರಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ಜೋಸೆಫ್ ಡಿಏಂಜೆಲೊ ಎಂಬ ಸರಣಿ ಹಂತಕನನ್ನು ಹಿಡಿದದ್ದು ಹೇಗೆ ಗೊತ್ತೆ? ಅವನು ಎಲ್ಲಿಯೂ ಉಗುಳಿರಲಿಲ್ಲ. ಅವನ ಮುಖವನ್ನೂ ಕಂಡಿರದ ದೂರದ ನೆಂಟರು ಉಗುಳಿದ್ದರು, ಅವರ ದತ್ತಾಂಶ ವಂಶ ಹುಡುಕುವ ತಾಣಗಳಲ್ಲಿತ್ತು, ಅಷ್ಟೇ ಸಾಕಾಯಿತು. ಹಂತಕ ಸಿಕ್ಕಿದ್ದು ಒಳ್ಳೆಯದೇ ಆಯಿತು. ನಾವು ನೀವು ಯಾರನ್ನೂ ಕೊಂದಿಲ್ಲ. ಆದರೂ ನಿಮ್ಮ ಅರ್ಧ ವಂಶಾವಳಿ ಈಗಾಗಲೇ ಅಮೆರಿಕದ ಯಾವುದೋ ಸರ್ವರಿನಲ್ಲಿದೆ, ಏಕೆಂದರೆ ಡಲ್ಲಾಸ್‌ನಲ್ಲಿರುವ ನಿಮ್ಮ ಚಿಕ್ಕಪ್ಪನ ಮಗ ಥ್ಯಾಂಕ್ಸ್‌ಗಿವಿಂಗ್ ರಿಯಾಯಿತಿಯಲ್ಲಿ ನಾಲ್ಕು ಕಿಟ್ ಕೊಂಡಿದ್ದಾನೆ. ಅಳಿಸು ಅಂತ ಹೇಳಿ ನೋಡಿ. ಪಾಸ್‌ವರ್ಡ್ ಮರೆತುಹೋಗಿದೆ ಅನ್ನುತ್ತಾನೆ.